ಭಾವೀ ಡಾಕ್ಟರು

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಜೂನ್ ತಿಂಗಳಲ್ಲಿ ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಭಾವೀ ಡಾಕ್ಟರು ಮಾತ್ರ ತಪ್ಪಿಸುವುದಿಲ್ಲ. ಅಮೆರಿಕದ ಕಾಲೇಜುಗಳಿಗೆ ಬೇಸಿಗೆ ರಜೆ ಬಿಟ್ಟಿತೋ, ಬೆಂಗಳೂರಿನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಹಿರಿಯೂರು ದಾಟಿ, ಸೋದರಮಾವನ ಮನೆಯ ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ. ಒಂದೊಂದು ವರ್ಷ ಒಂದೊಂದು ಮನೆಗೆ ಒಬ್ಬೊಬ್ಬರು. ಹೆಸರು ಬೇರೆ ಬೇರೆ ಇರಬಹುದು, ಲಕ್ಷಣಗಳು ಬದಲಾಗವು. ಇಪ್ಪತ್ತರ ಆಸುಪಾಸಿನ ವಯಸ್ಸು, ಅಟ್ಟದ ಬಾಗಿಲಿಗೆ ಹಣೆ ತಾಗುವ ಎತ್ತರ, ಬೆನ್ನಿಗೆ ಎರಡು ಪಟ್ಟಿಯ ಚೀಲ, ಕೈಯಲ್ಲಿ ಅರ್ಧ ಬಿಂದಿಗೆಯಷ್ಟು ನೀರು ಹಿಡಿಯುವ ಬಾಟಲಿ. ಚೀಲದೊಳಗೆ ಎಂಸಿಎಟಿ ಪರೀಕ್ಷೆಯ ಪುಸ್ತಕ, ಸೊಳ್ಳೆಯ ಮುಲಾಮು, ಅಮ್ಮ ಇಸ್ತ್ರಿ ಮಾಡಿ ಮಡಚಿಟ್ಟ ಒಂದು ಬಿಳಿ ಕೋಟು ಮತ್ತು ಗಂಟೆಗಳನ್ನು ಬರೆದಿಡುವ ಒಂದು ಪುಟ್ಟ ಪುಸ್ತಕ. ಈ ಕೊನೆಯದೇ ಮುಖ್ಯ. ಮಿಕ್ಕಿದ್ದು ಕಳೆದುಹೋದರೂ ಪ್ರಯಾಣ ನಿಲ್ಲುವುದಿಲ್ಲ.

ಕನ್ನಡ ಬರುತ್ತದೆ. ಆದರೆ ಮನೆಯಲ್ಲಿ ಅಪ್ಪ ಅಮ್ಮ ತಮ್ಮೊಂದಿಗೆ ಆಡಿದ ಕನ್ನಡವನ್ನಷ್ಟೇ ಕೇಳಿ ಕಲಿತವರಾದ್ದರಿಂದ ಇವರಿಗೆ ಗೊತ್ತಿರುವುದು ಏಕವಚನ ಒಂದೇ. ಎಂಬತ್ತರ ಮುದುಕರಿಗೂ 'ನೀನು ಬಾ, ಕೂತ್ಕೋ, ಊಟ ಮಾಡ್ದ್ಯಾ' ಎನ್ನುತ್ತಾರೆ. ದುರ್ಗದ ಕಡೆಯವರು ದೇವರನ್ನೇ ಏಕವಚನದಲ್ಲಿ ತರಾಟೆಗೆ ತೆಗೆದುಕೊಳ್ಳುವವರು, ಯಾರೂ ತಪ್ಪು ತಿಳಿಯುವುದಿಲ್ಲ. ತಮ್ಮನ್ನು ಹಾಗೆ ಕರೆಯುತ್ತಿದ್ದ ತಾಯಿ ತೀರಿಹೋಗಿ ನಲವತ್ತು ವರ್ಷವಾಗಿದ್ದ ಹಿರಿಯರೊಬ್ಬರು ಇನ್ನೊಂದು ಸಲ ಕರೆಸಿಕೊಳ್ಳಲೆಂದೇ ಮಾರನೆಯ ದಿನವೂ ಬಂದಿದ್ದರು.

ಈಗ ನಾನು ಹೇಳುತ್ತಿರುವವರು ನಮ್ಮ ಎದುರುಮನೆಯ ಎಣ್ಣೆ ಮಿಲ್ಲಿನ ಸಾಹುಕಾರರ ಅಕ್ಕನ ಮಗ. ಮಿಲ್ಲಿನಲ್ಲಿ ಈಗ ಎಣ್ಣೆ ಕಡಿಮೆ, ಸಾಹುಕಾರರೆಂಬ ಹೆಸರು ಮಾತ್ರ ಜಿಡ್ಡು ಬಿಟ್ಟಿಲ್ಲ. ಅಕ್ಕ ನ್ಯೂಜೆರ್ಸಿಯಲ್ಲಿದ್ದಾರೆ. ಅವರಿಂದ ಫೋನು ಬಂದಾಗ ನಾನೂ ಅಲ್ಲೇ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದೆ. 'ಹುಡುಗನಿಗೆ ಡಾಕ್ಟರು ಬೇಕು' ಎಂದರಂತೆ. ಸಾಹುಕಾರರು ಗಾಬರಿಯಾಗಿ, 'ಏನಾಗಿದೆ ಮಗೂಗೆ?' ಎಂದು ಕೇಳಿದರು. ಮಗುವಿಗೆ ಏನೂ ಆಗಿರಲಿಲ್ಲ. ಡಾಕ್ಟರಾಗಬೇಕಾಗಿತ್ತು, ಅಷ್ಟೆ.

ನಮ್ಮಲ್ಲಿ ಡಾಕ್ಟರಾಗುವ ದಾರಿ ಎಲ್ಲರಿಗೂ ಗೊತ್ತು. ಪಿಯುಸಿ ಮುಗಿಸಿ ನೀಟ್ ಬರೆಯುವುದು. 180 ಪ್ರಶ್ನೆ, 720 ಅಂಕ, ಸರಿಯಾದರೆ ನಾಲ್ಕು ಬರುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ನೀನು ಎಂದಾದರೂ ರೋಗಿಯನ್ನು ನೋಡಿದ್ದೀಯಾ ಎಂದು ಆ ಪರೀಕ್ಷೆ ಯಾರನ್ನೂ ಕೇಳುವುದಿಲ್ಲ. ಅಮೆರಿಕದ್ದು ಬೇರೆ ಲೆಕ್ಕ. ಮೊದಲು ನಾಲ್ಕು ವರ್ಷ ಯಾವುದಾದರೂ ಡಿಗ್ರಿ ಮಾಡಬೇಕು. ನಡುವೆ ಎಂಸಿಎಟಿ ಬರೆಯಬೇಕು. ಅದರಲ್ಲಿ ಅತಿ ಕಡಿಮೆ ಎಂದರೆ 472, ಅತಿ ಹೆಚ್ಚೆಂದರೆ 528. ಎಲ್ಲವನ್ನೂ ತಪ್ಪು ಬರೆದವನಿಗೂ ನಾನೂರ ಎಪ್ಪತ್ತೆರಡು ಕೊಟ್ಟು ಮನೆಗೆ ಕಳಿಸುವ ಆ ಸೌಜನ್ಯ ನಮ್ಮ ಬೋರ್ಡುಗಳಿಗೆ ಯಾವಾಗ ಬರುತ್ತದೋ. ಆಮೇಲೆ ಅರ್ಜಿ. ಅದರಲ್ಲಿ ತಾನು ಮಾಡಿದ ಘನಕಾರ್ಯಗಳನ್ನು ಹದಿನೈದರವರೆಗೆ ಪಟ್ಟಿ ಮಾಡಬಹುದು, ಒಂದೊಂದಕ್ಕೂ 700 ಅಕ್ಷರದ ಮಿತಿ, ನಡುವೆ ಬಿಟ್ಟ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಆ ಪಟ್ಟಿಯಲ್ಲಿ ಇರಲೇಬೇಕೆಂದು ಹುಡುಗರೆಲ್ಲ ನಂಬಿರುವ ಒಂದು ಬಾಬತ್ತು ಶ್ಯಾಡೋಯಿಂಗ್. ಎಂದರೆ, ಒಬ್ಬ ಡಾಕ್ಟರ ಹಿಂದೆ ಇಷ್ಟು ಗಂಟೆ ಮೌನವಾಗಿ ನಿಂತಿದ್ದೆ ಎಂಬುದಕ್ಕೆ ಪುರಾವೆ.

ಅಲ್ಲಿ ಹಾಗೆ ನಿಲ್ಲಿಸಿಕೊಳ್ಳುವ ಡಾಕ್ಟರು ಸಿಗುವುದು ಕಷ್ಟವಂತೆ. ಭಾವೀ ಡಾಕ್ಟರು ತಮ್ಮ ಊರಿನ ಡಾಕ್ಟರುಗಳಿಗೆಲ್ಲ ಇಮೇಲ್ ಬರೆದಿದ್ದರು. ಒಬ್ಬರು ಲಸಿಕೆಯ ಕಾಗದ ಕೇಳಿದರು, ಒಬ್ಬರು ಕ್ಷಯದ ಪರೀಕ್ಷೆ ಮಾಡಿಸಿಕೊಂಡು ಬಾ ಎಂದರು, ಒಬ್ಬರು ಆಸ್ಪತ್ರೆಯ ವಕೀಲರ ಕಡೆ ಬೊಟ್ಟು ಮಾಡಿದರು, ಉಳಿದವರು ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ. ಅಲ್ಲಿ 1996ರಲ್ಲಿ ಹಿಪಾ ಎಂಬ ಕಾಯಿದೆ ಬಂದು, ರೋಗಿಯ ಗುಟ್ಟು ಕಂಡವರ ಕಿವಿಗೆ ಬೀಳದಂತೆ ಕಾವಲು ಕೂತಿದೆ. ಕಾಯಿದೆಯೇನೂ ಹುಡುಗರನ್ನು ಹೊರಗಿಡಿ ಎನ್ನುವುದಿಲ್ಲ. ಆದರೆ ಬೇಡವೆನ್ನಬೇಕಾದವರಿಗೆ ಅದರ ಹೆಸರು ಬಹಳ ಅನುಕೂಲ.

ಇದನ್ನೆಲ್ಲ ಕೇಳಿ ಸಾಹುಕಾರರು ಮರುಗಿದರು. 'ಡಾಕ್ಟ್ರ ಹಿಂದೆ ನಿಂತ್ಕೊಳ್ಳೋಕೆ ಅಷ್ಟು ದೊಡ್ಡ ದೇಶದಲ್ಲಿ ಜಾಗ ಇಲ್ವಾ? ಕಳಿಸಕ್ಕ ಇಲ್ಲಿಗೆ. ಮುಂದೆ ಬೇಕಾದ್ರೂ ನಿಲ್ಲಿಸ್ತೀನಿ.'

ಭಾವೀ ಡಾಕ್ಟರು ಬಂದ ರಾತ್ರಿಯೇ, ಮುದ್ದೆ ಮುರಿಯುತ್ತ ವ್ಯವಹಾರದ ಮಾತು ಶುರುವಾಯಿತು.

'ಎಷ್ಟು ಗಂಟೆ ಬೇಕೋ ಅಳಿಯ?'

'ನೂರು ಇದ್ರೆ ಒಳ್ಳೇದು ಮಾಮ.'

'ಇನ್ನೂರು ಬರೆಸಿಕೊಳ್ಳೋಣ. ಅಲ್ಲಿಗೆ ಹೋಗೋಷ್ಟರಲ್ಲಿ ತೂಕದಲ್ಲಿ ಒಂಚೂರು ಕಡಿತ ಆಗೋದು ಇದ್ದೇ ಇರುತ್ತೆ.'

'ಮಾಮ, ಅದು ಸುಳ್ಳು.'

'ಸುಳ್ಳು ಎಲ್ಲಿ ಬಂತೋ? ನೀನು ಡಾಕ್ಟ್ರಾದ ಮೇಲೆ ಜೀವನ ಪೂರ್ತಿ ಡಾಕ್ಟ್ರ ಜೊತೇಲೇ ಇರ್ತೀಯಲ್ಲ. ಅದ್ರಲ್ಲಿ ವಜಾ ಮಾಡ್ಕೊಂಡ್ರಾಯ್ತು.'

ಶೇಂಗಾ ಮಂಡಿಯಲ್ಲಿ ಮುಂಗಡದ ಮೇಲೆ ಬದುಕಿದ ತಲೆಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ. ಹುಡುಗ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ. ನಿಂತ ಗಂಟೆಯೇ ಬೇಕು, ನಿಮಿಷವೂ ಹೆಚ್ಚು ಬೇಡ ಎಂದ. ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಮೆಚ್ಚಿದೆ. ಹಾಗೆ ಮೆಚ್ಚಿಕೊಂಡದ್ದರಿಂದಲೇ ಡಾಕ್ಟರನ್ನು ಹುಡುಕುವ ಕೆಲಸ ನನ್ನ ಹೆಗಲಿಗೂ ಬಿತ್ತು.

ಜಿಲ್ಲಾ ಕೇಂದ್ರದಲ್ಲಿ ಒಬ್ಬ ಹೃದಯ ತಜ್ಞರಿದ್ದರು. ಸಾಹುಕಾರರ ಎದೆಯೊಳಗೆ ಎರಡು ಸ್ಟೆಂಟ್ ಕೂರಿಸಿದವರು, ಆ ಸಲಿಗೆ ಇತ್ತು. ಅವರು ನಮ್ಮನ್ನು ಕೂರಿಸಿಕೊಂಡು, ತಾವು ಲಾಟೀನಿನ ಬೆಳಕಿನಲ್ಲಿ ಓದಿ ಮೆರಿಟ್ ಸೀಟು ಗಿಟ್ಟಿಸಿದ ಕಥೆಯನ್ನು ಆದ್ಯಂತ ಹೇಳಿದರು. ಹೊರಗೆ ರೋಗಿಗಳು ಎದೆ ಹಿಡಿದುಕೊಂಡು ಕಾಯುತ್ತಿದ್ದರು. ಕೊನೆಗೆ, 'ನೋಡಿಕೊಂಡು ನಿಂತರೆ ಏನು ಬರುತ್ತೆ? ಓದಬೇಕು' ಎಂದು ಕಳಿಸಿಕೊಟ್ಟರು. ಭಾವೀ ಡಾಕ್ಟರು ಕಾರಿನಲ್ಲಿ ಪುಸ್ತಕ ತೆಗೆದು, ಇದನ್ನು ಬರೆದುಕೊಳ್ಳಬಹುದೋ ಬಾರದೋ ಎಂದು ಪೆನ್ನು ಕಚ್ಚುತ್ತ ಕೂತರು. ಒಬ್ಬ ವೈದ್ಯರ ಸಮ್ಮುಖದಲ್ಲಿ ಕಳೆದದ್ದಂತೂ ಹೌದು, ಆದರೆ ರೋಗಿ ಯಾರು ಎಂಬಲ್ಲಿ ಸಂದೇಹ ಬಂತು. ಬರೆಯಲಿಲ್ಲ.

ಹೆರಿಗೆ ಡಾಕ್ಟರಮ್ಮ ಒಬ್ಬರು ಖುಷಿಯಿಂದಲೇ ಒಪ್ಪಿದ್ದರು. ಒಪ್ಪದವರು ಅಲ್ಲಿ ಕೂತಿದ್ದ ಅತ್ತೆಯರು. 'ಈ ಕಂಬ ಯಾರಮ್ಮ, ಹೊರಗೆ ನಿಲ್ಸು' ಎಂದು ಒಬ್ಬಾಕೆ ಅಂದದ್ದೇ ತಡ, ಭಾವೀ ಡಾಕ್ಟರ ಹೆರಿಗೆ ವಿಭಾಗದ ಅನುಭವ ಬಾಗಿಲಲ್ಲೇ ಮುಗಿಯಿತು. ಮೂಳೆ ಕಟ್ಟುವ ನಾಟಿ ವೈದ್ಯರೊಬ್ಬರು 'ನನ್ನ ಹತ್ರ ಬಿಡಿ, ವಿದ್ಯೆ ಕಲಿಸೇ ಕಳಿಸ್ತೀನಿ' ಎಂದರು. ಅವರ ವಿದ್ಯೆಗೆ ಅಮೆರಿಕದ ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಸಾಹುಕಾರರು ಕಡೆಗೆ ಪಶುವೈದ್ಯರಲ್ಲಿ ನಿಂತರು. ಚಳ್ಳಕೆರೆಯೆಂದರೆ ಅಮೃತಮಹಲ್ ಕಾವಲು, ಆ ದನಗಳ ಕೊಂಬು ನೋಡಿಕೊಂಡು ಹತ್ತಿರ ನಿಲ್ಲುವುದೇ ಒಂದು ಶಿಕ್ಷಣ ಎಂಬುದು ಅವರ ವಾದ. 'ಮಾಮ, ನಾನು ಮನುಷ್ಯರ ಡಾಕ್ಟರು' ಎಂದು ಹುಡುಗ ದೈನ್ಯದಿಂದ ಹೇಳಿದ. ಸಾಹುಕಾರರ ಪರವಾಗಿ ಒಂದು ಮಾತು ಹೇಳಬೇಕು: ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯನ್ನೂ ಏರ್ಪಡಿಸಿದ್ದೇನೆ ಎಂದು ಅಶೋಕ ಚಕ್ರವರ್ತಿ ಒಂದೇ ಉಸಿರಿನಲ್ಲಿ ಹೇಳಿಕೊಂಡಿದ್ದಾನೆ. ಆದರೆ ಆ ಶಾಸನ ನಮ್ಮ ಬೆಟ್ಟಗಳಲ್ಲಿಲ್ಲ. ಅದನ್ನು ತೋರಿಸಬೇಕಾದರೆ ಕರ್ನೂಲು ಸೀಮೆಯ ಎರ್ರಗುಡಿಯವರೆಗೆ ಹೋಗಬೇಕು. ಸಾಹುಕಾರರ ಕಾರಿಗೆ ಡೀಸೆಲ್ ಹಾಕಿಸುವವರು ಯಾರು?

ಕೊನೆಗೆ ಸಿಕ್ಕಿದವರು ಮೊಳಕಾಲ್ಮೂರಿನ ಒಬ್ಬ ಹಳೆಯ ಎಂಬಿಬಿಎಸ್ ಡಾಕ್ಟರು. ಎಪ್ಪತ್ತು ದಾಟಿದವರು, ಬಳ್ಳಾರಿಯ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. 1961ರಲ್ಲಿ ಶುರುವಾದ ಆ ಕಾಲೇಜು ಮೂರು ಸಲ ಹೆಸರು ಬದಲಿಸಿದರೂ ಇವರು ಬೋರ್ಡಿಗೆ ಮತ್ತೆ ಬಣ್ಣ ಹೊಡೆಸಲಿಲ್ಲ ಎಂದು ಕಾಂಪೌಂಡರ್ ಹೇಳುತ್ತಾನೆ. ಮೂರು ಸಲ ಎಂಬುದು ಅವನ ಲೆಕ್ಕ. ಡಾಕ್ಟರು ನಾವು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆಯೇ ಒಪ್ಪಿದರು. 'ಬಂದು ಕೂತ್ಕೊಳ್ಳಲಿ ಬಿಡ್ರಿ. ಎಲ್ಲಾರೂ ಬಂದು ಕೂತ್ಕೋತಾರೆ.'

ಎಲ್ಲಾರೂ ಎಂಬ ಮಾತಿನ ಅರ್ಥ ಮರುದಿನ ತಿಳಿಯಿತು. ಭಾವೀ ಡಾಕ್ಟರು ಬಿಳಿ ಕೋಟು ತೊಟ್ಟು ಒಳಗೆ ಕಾಲಿಟ್ಟಾಗ ಡಾಕ್ಟರ ಕೋಣೆಯಲ್ಲಿ ಆಗಲೇ ಹದಿನಾರು ಜನರಿದ್ದರು. ರೋಗಿ ಒಬ್ಬಳು. ಅವಳ ಗಂಡ, ಅತ್ತೆ, ಹೊಲದ ಪಕ್ಕದವನು, ಬಸ್ಸಿನಲ್ಲಿ ಜೊತೆಗೆ ಬಂದವಳು. ಆಮೇಲೆ ಮುಂದಿನ ರೋಗಿ, ಅವನ ಕಡೆಯವರು, ಅದರ ಮುಂದಿನ ರೋಗಿ. ಜೊತೆಗೆ, ಯಾವ ಕಾಯಿಲೆಯೂ ಇಲ್ಲದೆ ಫ್ಯಾನಿನ ಗಾಳಿಗೆಂದು ಬಂದು ಕೂತ ನಿವೃತ್ತ ಗುಮಾಸ್ತರು. ಅಮೆರಿಕದ ಹುಡುಗ ನೂರು ಗಂಟೆಗಾಗಿ ಸಮುದ್ರ ದಾಟಿ ಬಂದದ್ದನ್ನು ಈ ಗುಮಾಸ್ತರು ಹೊತ್ತುಹೋಗದೆ ಹತ್ತು ವರ್ಷದಿಂದ ಮಾಡುತ್ತಿದ್ದರು. ಅವರ ಗಂಟೆಗಳನ್ನು ಬರೆದಿಟ್ಟಿದ್ದರೆ ನ್ಯೂಯಾರ್ಕಿನಲ್ಲಿ ಎರಡು ಸೀಟು ಸಿಗುತ್ತಿತ್ತು.

ಕೋಟು ಕಂಡೊಡನೆ ಸಾಲು ಹುಡುಗನ ಕಡೆ ತಿರುಗಿತು. ಮುದುಕನೊಬ್ಬ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಡಾಕ್ಟರು ತಲೆಯೆತ್ತದೆ, 'ಅದನ್ನ ತೆಗ್ದು ಮೊಳೆಗೆ ಹಾಕಪ್ಪ' ಎಂದರು. ಕೋಟು ಹೋಗಿ ಗೋಡೆಯ ಕ್ಯಾಲೆಂಡರಿನ ಪಕ್ಕ ನೇತಾಡಿತು, ರಜೆ ಮುಗಿಯುವವರೆಗೂ ಅಲ್ಲೇ ಇತ್ತು.

ಭಾವೀ ಡಾಕ್ಟರಿಗೆ ಒಂದೇ ಕಳವಳ. ರೋಗಿಯ ಒಪ್ಪಿಗೆಯಿಲ್ಲದೆ ಒಳಗೆ ನಿಲ್ಲಬಾರದು. ಇದನ್ನು ಮೆಲ್ಲಗೆ ಡಾಕ್ಟರ ಕಿವಿಗೆ ಹಾಕಿದರು. ಡಾಕ್ಟರು ಹೊರಗಿನ ಜಗಲಿಗೂ ಕೇಳುವಂತೆ, 'ಈ ಹುಡುಗ ಅಮೆರಿಕದಿಂದ ಬಂದೈತೆ, ನಿನ್ನ ಕಾಯ್ಲೆ ನೋಡ್ತಾನಂತೆ, ನೋಡ್ಲಾ?' ಎಂದು ಕೇಳಿದರು.

'ನೋಡ್ಲಿ ಬಿಡಿ ಸಾಮಿ. ಕಾಸೇನಾದ್ರೂ ಜಾಸ್ತಿ ಆಗತೈತಾ?'

'ಇಲ್ಲ.'

'ಹಂಗಾದ್ರೆ ಚೆನ್ನಾಗಿ ನೋಡ್ಲಿ.'

ನೋಡಿಸಿಕೊಳ್ಳುವವರು ತಾವೂ ನೋಡಲು ಶುರುಮಾಡಿದರು. ಯಾರ ಮಗ? ಯಾವೂರು? ಅಮ್ಮ ಯಾರ ಪೈಕಿ? ಅಲ್ಲಿ ಮುದ್ದೆ ಸಿಗುತ್ತಾ? ಮದುವೆ ಯಾವಾಗ? ರಕ್ತದೊತ್ತಡಕ್ಕೆ ಬಂದಾಕೆಯೊಬ್ಬಳು, ಪಟ್ಟಿ ಕಟ್ಟಿಸಿಕೊಂಡ ಕೈಯಲ್ಲೇ ಸನ್ನೆ ಮಾಡಿ ಕರೆದು, ತನ್ನ ತಂಗಿಯ ಮಗಳು ಬಿಎಸ್ಸಿ ನರ್ಸಿಂಗ್ ಓದುತ್ತಿರುವ ಸಂಗತಿ ತಿಳಿಸಿದಳು. ಒತ್ತಡ ಸ್ವಲ್ಪ ಏರಿತ್ತೆಂದು ಡಾಕ್ಟರು ಆಮೇಲೆ ಹೇಳಿದರು, ಯಾರದು ಎಂದು ಹೇಳಲಿಲ್ಲ.

ಇಂಥ ಕೋಣೆಯಲ್ಲಿ ಗುಟ್ಟೆಂಬುದು ಇರುತ್ತದೆಯೇ? ಇರುತ್ತದೆ. ಅದನ್ನು ಎಲ್ಲರೂ ಸೇರಿ ಕಾಪಾಡುತ್ತಾರೆ. ಒಬ್ಬ ಹೆಣ್ಣುಮಗಳು ಬಂದು 'ಹೊಟ್ಟೆನೋವು' ಎಂದಷ್ಟೇ ಹೇಳಿ ಸುಮ್ಮನಾದಾಗ, ಕಾಂಪೌಂಡರ್ 'ಏಳ್ರಿ ಏಳ್ರಿ, ಟೀ ಕುಡ್ಕೊಂಡು ಬರ್ರಿ' ಎಂದ. ಗುಮಾಸ್ತರೂ ಸೇರಿ ಎಲ್ಲರೂ ಎದ್ದು ಹೊರಗೆ ಹೋದರು. ಯಾರ ಮುಖದಲ್ಲೂ ಪ್ರಶ್ನೆ ಇರಲಿಲ್ಲ. ಹುಡುಗ ಮಾತ್ರ ಪುಸ್ತಕ ಹಿಡಿದು ನಿಂತಿದ್ದ. ಕಾಂಪೌಂಡರ್ ಅವನ ರಟ್ಟೆ ಹಿಡಿದು ಆಚೆ ತಂದ. ಹಿಪಾ ಎಂದರೇನೆಂದು ಹುಡುಗನಿಗೆ ಅರ್ಥವಾದದ್ದು ಆ ಟೀ ಅಂಗಡಿಯಲ್ಲಿ ಎಂದು ನನ್ನ ಊಹೆ.

ಕಾಂಪೌಂಡರ್ ವಿಷಯ ಬಂತು. ನೆರಳಿನ ಹಾಗೆ ಡಾಕ್ಟರ ಹಿಂದೆ ಇರುವುದೇ ವಿದ್ಯೆಯಾಗುವುದಾದರೆ ಇವನಿಗೆ ಇಷ್ಟೊತ್ತಿಗೆ ಪದ್ಮಶ್ರೀ ಬರಬೇಕಿತ್ತು. ಡಾಕ್ಟರು ಬಾಯಿ ತೆರೆಯುವ ಮೊದಲೇ ಇವನ ಕೈ ಆ ಮಾತ್ರೆಯ ಡಬ್ಬಿಯ ಮೇಲಿರುತ್ತದೆ. ಮೊದಲ ದಿನವೇ ಭಾವೀ ಡಾಕ್ಟರನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಸೂಜಿ ಕಂಡು ಕಿರುಚುತ್ತಿದ್ದ ಮಗುವೊಂದನ್ನು ತೋರಿಸಿ, 'ಆ ಕಾಲು ಹಿಡ್ಕೊ' ಎಂದ. ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, 'ನಾನು ಮುಟ್ಟಬಾರದು' ಎಂದ.

ಕಾಂಪೌಂಡರ್ ಮೇಲಿಂದ ಕೆಳಗೆ ನೋಡಿ ಕೇಳಿದ: 'ಯಾಕೆ, ಮಡಿನಾ?'

ಮಡಿಯಲ್ಲ. ಹೊರದೇಶಗಳಿಗೆ ಹೋಗುವ ವಿದ್ಯಾರ್ಥಿಗಳು ತಮಗೆ ತರಬೇತಿಯಿಲ್ಲದ ಯಾವ ಚಿಕಿತ್ಸೆಗೂ ಕೈಹಾಕಕೂಡದೆಂದು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ 2011ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಡದೇಶದ ರೋಗಿಗಳ ಮೇಲೆ ಕೈಪಳಗಿಸಿಕೊಂಡು ಬಂದು, ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುವವರು ಹೆಚ್ಚಿದ್ದರಿಂದ ಹುಟ್ಟಿದ ನಿಯಮ ಅದು. ಒಳ್ಳೆಯ ನಿಯಮವೇ. ನಮ್ಮಲ್ಲಿ ಅಂಗೈಯಗಲದ ಕಾಗದವಿಲ್ಲದೆ ಊರೂರಿಗೆ ಗ್ಲೂಕೋಸ್ ಏರಿಸುತ್ತ ತಿರುಗುವ ಮಹನೀಯರಿಗೂ ಯಾರಾದರೂ ಅದನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಹಂಚಿದರೆ ಉಪಕಾರವಾದೀತು. ಕಾಂಪೌಂಡರಿಗೆ ಮಾತ್ರ ಈ ವಿವರಣೆ ಹಿಡಿಸಲಿಲ್ಲ. 'ಮುಟ್ಟದೆ ನೋಡೋಕೆ ಟೀವಿ ಸಾಕಲ್ಲ' ಎಂದು ಮಗುವಿನ ಕಾಲನ್ನು ತಾನೇ ಹಿಡಿದ.

ಹುಡುಗ ಪ್ರಶ್ನೆ ಕೇಳುವುದರಲ್ಲಿ ಗಟ್ಟಿಗ. ಸೊಂಟನೋವೆಂದು ಬಂದಿದ್ದ ನೇಕಾರನೊಬ್ಬನನ್ನು, 'ನೀನು ದಿನಾ ಎಷ್ಟು ಗಂಟೆ ಕೂರ್ತೀಯಾ?' ಎಂದು ಕೇಳಿದ. ಮೊಳಕಾಲ್ಮೂರು ರೇಷ್ಮೆ ಸೀರೆಯೆಂದರೆ ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಬೆನ್ನು ಬಾಗಿಸಿ ಕೂರುವ ಕೆಲಸ. ಅಪ್ಪನ ಪಕ್ಕ ಕೂತು ಕಲಿತದ್ದು, ಗಂಟೆ ಯಾರೂ ಎಣಿಸಲಿಲ್ಲ, ಸೀರೆ ಎಣಿಸುತ್ತಿದ್ದರು ಎಂದು ಅವನು ಹೇಳಿದ. ಅದೂ ಪುಸ್ತಕಕ್ಕೆ ಹೋಯಿತು. ಡಾಕ್ಟರು ಬರೆದುಕೊಟ್ಟದ್ದು ನೋವಿನ ಮಾತ್ರೆ ಮತ್ತು ಹದಿನೈದು ದಿನದ ವಿಶ್ರಾಂತಿ. ನೇಕಾರ ಮಾತ್ರೆ ತೆಗೆದುಕೊಂಡು, ವಿಶ್ರಾಂತಿಯನ್ನು ಮೇಜಿನ ಮೇಲೇ ಬಿಟ್ಟುಹೋದ.

ಡಾಕ್ಟರಿಗೂ ಒಬ್ಬ ಮೊಮ್ಮಗಳಿದ್ದಾಳೆ, ಮಂಗಳೂರು ಕಡೆಯ ವಸತಿ ಕಾಲೇಜಿನಲ್ಲಿ ನೀಟ್‌ಗೆ ಓದುತ್ತಿದ್ದಾಳೆ. 'ಅವಳೂ ಇಲ್ಲಿಗೆ ಬರ್ತಾಳಾ?' ಎಂದು ಭಾವೀ ಡಾಕ್ಟರು ಕೇಳಿದರು.

'ಇಲ್ಲಿಗಾ? ಅವಳಿಗೆಲ್ಲಿ ಪುರುಸೊತ್ತು ಮಾರಾಯ. ಡಾಕ್ಟರಾಗಬೇಕಲ್ಲ!'

ಭಾನುವಾರ ಕ್ಲಿನಿಕ್ಕಿಗೆ ಬಾಗಿಲು. ಡಾಕ್ಟರು ಅಂದು ಜಟಿಂಗ ರಾಮೇಶ್ವರ ಬೆಟ್ಟ ಹತ್ತುತ್ತಾರೆ. ಭಾವೀ ಡಾಕ್ಟರು ನಾನೂ ಬರುತ್ತೇನೆಂದರು. ಭಕ್ತಿಯಿಂದಲ್ಲ, ಡಾಕ್ಟರ ಹಿಂದೆ ಮೆಟ್ಟಿಲು ಹತ್ತಿದರೆ ಅದು ಯಾವ ಬಾಬತ್ತಿಗೆ ಬರುತ್ತದೆಂಬ ಕುತೂಹಲದಿಂದ. ಸಾಹುಕಾರರು ತಮ್ಮ ಎರಡು ಸ್ಟೆಂಟುಗಳ ಸಮೇತ ಕೆಳಗೆ ಕಾರಿನಲ್ಲೇ ಉಳಿದರು. ಬೆಟ್ಟದಲ್ಲಿ ಕರಡಿ ಇರುತ್ತವೆ ಎಂದು ಬುದ್ಧಿಯನ್ನೂ ಹೇಳಿ ಗಾಜು ಏರಿಸಿಕೊಂಡರು.

ಬುಡದಿಂದಲೇ ಡಾಕ್ಟರಿಗೆ ರೋಗಿಗಳು ಸಿಕ್ಕತೊಡಗಿದರು. ನಡುದಾರಿಯಲ್ಲಿ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಮಂಡಿನೋವು ವಾಸಿ ಮಾಡಪ್ಪಾ ಎಂದು ರಾಮೇಶ್ವರನಿಗೆ ಹೇಳಿಕೊಳ್ಳಲು ಅಷ್ಟೂ ಮೆಟ್ಟಿಲು ಹತ್ತುತ್ತಿದ್ದಳು.

'ಹತ್ತಬೇಡ ಅಂತ ಹೇಳಿದ್ನಲ್ಲವ್ವ.'

'ಹತ್ತಾಕೆ ಏನೂ ಇಲ್ಲ ಸಾಮಿ. ಇಳಿಯಾದೇ ಕಷ್ಟ.'

ಭಾವೀ ಡಾಕ್ಟರು ಫೋನು ತೆಗೆದು ಗಡಿಯಾರ ಒತ್ತಿದರು. ವೈದ್ಯ ಇದ್ದಾರೆ, ರೋಗಿ ಇದ್ದಾಳೆ, ಸಲಹೆ ನಡೆದಿದೆ. ಗಂಟೆ ಓಡಬಹುದು.

ಬೆಟ್ಟದ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲಿ, ಅವನಿಗೆ ಕ್ರಿಯೆಗಳನ್ನು ಮಾಡಿದ ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲಿ ಎಂದು ಈ ಸೀಮೆಯ ನಂಬಿಕೆ. ಡಾಕ್ಟರು ಅದನ್ನು ತಮ್ಮ ರೀತಿಯಲ್ಲಿ ಹೇಳಿದರು: 'ಈ ತಾಲ್ಲೂಕಿನ ಮೊದಲ್ನೇ ಎಮರ್ಜೆನ್ಸಿ ಕೇಸು ಅದು ಕಣಪ್ಪ. ರಾಮ ಬರೋಷ್ಟರಲ್ಲಿ ಕೈಮೀರಿತ್ತು. ಆದ್ರೂ ಎಂಥ ರೋಗಿ ನೋಡು! ಯಾರು ಹೊಡೆದ್ರು, ಯಾಕೆ ಹೊಡೆದ್ರು, ಯಾವ ದಿಕ್ಕಿಗೆ ಹೋದ್ರು, ಎಲ್ಲಾ ಹಿಸ್ಟರಿ ಸರಿಯಾಗಿ ಹೇಳಿಯೇ ಪ್ರಾಣ ಬಿಟ್ಟ. ಈಗಿನೋರನ್ನ ಎಲ್ಲಿ ನೋವು ಅಂತ ಕೇಳಿದ್ರೆ, ಅಳಿಯ ಟ್ರ್ಯಾಕ್ಟರ್ ತಗೊಂಡ ಕಥೆ ಹೇಳ್ತಾರೆ.'

ಬಳೆಗಾರರ ಗುಂಡು ಎಂದು ಕರೆಯುವ ಬಂಡೆಯ ಹತ್ತಿರ ನಿಂತೆವು. ಜಾತ್ರೆಯಲ್ಲಿ ಬಳೆ ಮಾರುವವರು ಕೂರುತ್ತಿದ್ದ ಜಾಗ. ಆ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅಶೋಕನ ಶಾಸನವಿದೆ ಎಂದು ಲೋಕಕ್ಕೆ ತಿಳಿದದ್ದು 1892ರಲ್ಲಿ, ಬಿ.ಎಲ್. ರೈಸ್ ಇಲ್ಲಿಯದನ್ನೂ ಪಕ್ಕದ ಬ್ರಹ್ಮಗಿರಿ, ಸಿದ್ದಾಪುರದ್ದನ್ನೂ ಬೆಳಕಿಗೆ ತಂದಾಗ. ಇಲ್ಲಿಯದು ಬಹಳ ಸವೆದುಹೋಗಿದೆ, ಪೂರ್ತಿ ಓದಬೇಕಾದರೆ ಬ್ರಹ್ಮಗಿರಿಯ ಪಾಠದ ಆಸರೆ ಬೇಕು. ಅಲ್ಲಿಯ ಒಕ್ಕಣೆ ಶುರುವಾಗುವುದೇ ಆರೋಗ್ಯ ವಿಚಾರಿಸುವುದರಿಂದ. ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಕ್ಷೇಮ ಕೋರಿ, ಆಮೇಲೆ ಚಕ್ರವರ್ತಿಯ ಮಾತಿಗೆ ಬರುತ್ತಾರೆ.

'ಆಮೇಲಿನದ್ದು ನಿನ್ನ ಅರ್ಜಿನೇ ನೋಡು' ಎಂದು ಡಾಕ್ಟರು ಶುರುಮಾಡಿದರು. ಏದುಸಿರಿನಲ್ಲೂ ಅವರಿಗೆ ಶಾಸನವೆಂದರೆ ಉತ್ಸಾಹ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘದ ಹತ್ತಿರಕ್ಕೆ ಹೋದ ಮೇಲಿನ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಚೆನ್ನಾಗಿ ದುಡಿದಿದ್ದೇನೆ ಎಂದು ಅಶೋಕ ಹೇಳಿಕೊಂಡಿದ್ದಾನೆ. ಎಷ್ಟು ಕಾಲ, ಎಷ್ಟು ಶ್ರದ್ಧೆ, ಯಾರ ಸಾನ್ನಿಧ್ಯದಲ್ಲಿ: ಮೂರೂ ಕಾಲಂ ತುಂಬಿದೆ. ಕೊನೆಗೆ 256 ಎಂಬ ಅಂಕಿ. ಬುದ್ಧ ನಿರ್ವಾಣ ಹೊಂದಿ ಅಷ್ಟು ವರ್ಷವಾಗಿತ್ತು ಎಂದು ಹಿಂದೆ ಕೆಲವು ವಿದ್ವಾಂಸರು ಅರ್ಥ ಮಾಡಿದ್ದರು. ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥವೇ ಈಗ ಹೆಚ್ಚು ಬಳಕೆಯಲ್ಲಿದೆ. ಭಾವೀ ಡಾಕ್ಟರಿಗೆ ಮೈಯೆಲ್ಲ ಕಿವಿಯಾಯಿತು. ಚಕ್ರವರ್ತಿಯೇ ಲೆಕ್ಕ ಬರೆದಿಟ್ಟ ಮೇಲೆ ಇನ್ನೇನು!

'ರಾತ್ರಿ ಪೂರ್ತಿ ಬರ್ಕೊಂಡಿದಾನಾ? ಎಷ್ಟು ಗಂಟೆ ಅಂತ ಇಲ್ವಾ?'

'ಅವನನ್ನ ಕೇಳೋರು ಯಾರಿದ್ರು' ಎಂದರು ಡಾಕ್ಟರು.

ಅದೇ ಶಾಸನದಲ್ಲಿ ಇನ್ನೊಂದು ವಿಧಿಯಿದೆ: ತಂದೆತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು, ಅಂತೇವಾಸಿಯಾದವನು ಆಚಾರ್ಯನನ್ನು ಗೌರವಿಸಬೇಕು. ಡಾಕ್ಟರು ಅದನ್ನು ಹೇಳಿ, ತಮ್ಮ ಕೈಚೀಲವನ್ನೂ ನೀರಿನ ಬಾಟಲಿಯನ್ನೂ ಹುಡುಗನ ಕೈಗೆ ಕೊಟ್ಟು ಮುಂದಿನ ಮೆಟ್ಟಿಲು ಹತ್ತಿದರು. ಮೌರ್ಯರ ಆಜ್ಞೆ ಜಾರಿಯಲ್ಲಿರುವುದನ್ನು ನಾನು ಕಣ್ಣಾರೆ ಕಂಡೆ.

ಇಳಿಯುವಾಗ ಅದೇ ಅಜ್ಜಿ ಒಂದು ಮೆಟ್ಟಿಲ ಅಂಚಿನಲ್ಲಿ ಕಾಲು ಚಾಚಲಾರದೆ ನಿಂತಿದ್ದಳು. ಹುಡುಗ ಸುತ್ತ ನೋಡಿದ. ಅವನ ಮಾರ್ಗಸೂಚಿಯಲ್ಲಿ ಇದಕ್ಕೆ ಕಲಮು ಇತ್ತೋ ಏನೋ, ಒಂದು ಗಳಿಗೆ ಯೋಚಿಸಿ ಕೈ ಕೊಟ್ಟ. ಅಜ್ಜಿ ಹಿಡಿದ ಕೈಯನ್ನು ಬುಡ ಮುಟ್ಟುವವರೆಗೂ ಬಿಡಲಿಲ್ಲ. ಡಾಕ್ಟರು ಮುಂದೆ ಹೋಗಿಬಿಟ್ಟಿದ್ದರು. ಡಾಕ್ಟರಿಲ್ಲದೆ ಇಳಿದ ಆ ಹೊತ್ತನ್ನು ಹುಡುಗ ಪುಸ್ತಕದಲ್ಲಿ ಕಳೆದುಬಿಟ್ಟ. ನಾನು ಹೇಳಿದೆನಲ್ಲ, ಪ್ರಾಮಾಣಿಕ.

ಹೊರಡುವ ದಿನ ಬಂತು. ಅಮ್ಮ ನ್ಯೂಜೆರ್ಸಿಯಿಂದ ಪತ್ರದ ಮಾದರಿ ಕಳಿಸಿದ್ದರು; ಡಾಕ್ಟರು ಸಹಿ ಹಾಕುವುದಷ್ಟೇ ಬಾಕಿ. ಹಾಕಿದರು. ಹುಡುಗ ಕಾಗದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ. ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡ ಎಂಬ ಲಿಪಿಕಾರ ಉಳಿದದ್ದನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ಉದ್ಯೋಗವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಲದಿಂದ ಎಡಕ್ಕೆ ಹೋಗುವ ವಾಯವ್ಯ ಗಡಿಯ ಲಿಪಿ ಅದು. ಈ ಬಯಲುಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಗೊತ್ತಿದ್ದೂ ಕೆತ್ತಿದ. ನಮ್ಮ ಡಾಕ್ಟರು ಅವನ ಪರಂಪರೆಯವರು. ಅವರ ಸಹಿ ಯಾವ ದಿಕ್ಕಿನಿಂದ ಹೊರಡುತ್ತದೆಂಬುದು ಮೂಲೆಯ ಮೆಡಿಕಲ್ ಶಾಪಿನವನೊಬ್ಬನಿಗೆ ಗೊತ್ತು. ಕಾಲೇಜಿನವರು ವಿಚಾರಿಸಿದರೆ ಉತ್ತರಿಸಲು ಇಮೇಲ್ ಬೇಕೆಂದಾಗ ಡಾಕ್ಟರು ಕಾಂಪೌಂಡರ ಮುಖ ನೋಡಿದರು, ಕಾಂಪೌಂಡರ್ ತನ್ನ ಮಗನ ಇಮೇಲ್ ಬರೆಸಿದ. ಆ ಮಗ ಬೆಂಗಳೂರಿನಲ್ಲಿ ಜಿಮ್ ನಡೆಸುತ್ತಾನೆ. ಅಮೆರಿಕದ ಪ್ರವೇಶ ಸಮಿತಿ ಯಾವತ್ತಾದರೂ ಬರೆದರೆ ಅವನು ಮೊದಲು ಮೂರು ತಿಂಗಳ ರಿಯಾಯಿತಿ ದರ ತಿಳಿಸುತ್ತಾನೆ.

ಹುಡುಗ ವಿಮಾನ ಹತ್ತಿದ ಮುಂದಿನ ವಾರ ನಾನು ನೆಗಡಿಗೆಂದು ಕ್ಲಿನಿಕ್ಕಿಗೆ ಹೋಗಿದ್ದೆ. ಗುಮಾಸ್ತರು ಫ್ಯಾನಿನ ಕೆಳಗಿದ್ದರು. ಆ ಬೆಟ್ಟದ ಅಜ್ಜಿ ಬಂದಳು. ಡಾಕ್ಟರು ಬಾ ಎಂದು ಕರೆದರೂ ಕುರ್ಚಿಯ ಹತ್ತಿರ ಹೋಗದೆ, ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

'ಆ ಉದ್ದನೆ ಡಾಕ್ಟ್ರು ಎಲ್ಲಿ? ನೀನು ನಾಲ್ಕು ವರ್ಷದಿಂದ ಮಾತ್ರೆ ಕೊಡ್ತಾನೇ ಇದ್ದೀಯ. ಆ ಮಗ ಒಂದು ಸಲ ಕೈ ಹಿಡಿದಿದ್ಕೆ ಮಂಡಿ ಹಗುರಾಗೈತೆ. ಏನು ಕೈಗುಣ!'

'ಅವನು ಊರಿಗೆ ಹೋದ್ನವ್ವ' ಎಂದ ಕಾಂಪೌಂಡರ್. 'ಅಮೆರಿಕಕ್ಕೆ.'

'ಮತ್ತೆ ಯಾವಾಗ ಬತ್ತಾನೆ?'

'ಡಾಕ್ಟ್ರಾದ್ಮೇಲೆ. ಆರೇಳು ವರ್ಷ ಆಗತೈತೆ.'

ಅಜ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿ, ಸೆರಗಿನ ಗಂಟು ಬಿಚ್ಚಿ ನೋಟು ತೆಗೆದಳು. 'ಆಗ್ಲಿ, ಕಾಯ್ತೀನಿ. ಅಲ್ಲೀಗಂಟ ಇವನ ಕೈಲೇ ಒಂದು ಸೂಜಿ ಹಾಕಿಸ್ಬಿಡು.'